ಸೀರೆ ಅಂಗಡಿಯ ಮೇಲೊಂದು ಫೈರ್‌ವಾಲ್

ಶಿವಶರಣಪ್ಪನ ಮುಖದ ಮೇಲೆ ನೊಣ ಕೂತರೆ ಅದು ಅಲ್ಲೇ ಮನೆ ಕಟ್ಟಿ, ಮಕ್ಕಳ ಮದುವೆ ಮಾಡಿ, ಮೊಮ್ಮಕ್ಕಳ ಜವಳ ತೆಗೆಸಿಕೊಂಡು ಹೋಗಬಹುದಿತ್ತು. ಅವನು ಕೈ ಎತ್ತುತ್ತಿರಲಿಲ್ಲ. ಚಾರ್‌ಮಿನಾರ್ ನಾಲ್ಕೂ ಕಾಲು ಕಿತ್ತುಕೊಂಡು ಸಿಕಂದರಾಬಾದಿಗೆ ಹೊರಟು ನಡುದಾರಿಯಲ್ಲಿ ಇವನ ಹತ್ತಿರ ವಿಳಾಸ ಕೇಳಿದ್ದರೂ, "ಎಡಕ್ಕ ಹೊಳ್ಳ್ರಿ" ಎಂದು ಹೇಳಿ, ತನ್ನ ಬಸ್ಸು ಬಂತೇ ಎಂದು ಅತ್ತ ನೋಡುತ್ತಿದ್ದ.

ಹುಟ್ಟಾ ಹೀಗಿದ್ದವನಲ್ಲ. ಪಟಾನ್‌ಚೆರುವಿನ ಔಷಧ ಕಾರ್ಖಾನೆಯೊಂದರಲ್ಲಿ ಮೀಟರು, ಗೇಜು ರಿಪೇರಿ ಮಾಡಿಕೊಂಡಿದ್ದ ಕಾಲಕ್ಕೆ ಅವನ ನಗು ಕೇಳಿ ಪಕ್ಕದ ಕಾರ್ಖಾನೆಯವರು ಊಟದ ಗಂಟೆ ಹೊಡೆಯಿತೆಂದು ಎದ್ದು ಬಿಡುತ್ತಿದ್ದರಂತೆ. ಹೆಂಡತಿ ಗಿರಿಜಾ ಜ್ವರ ಬಂದು ತೀರಿಕೊಂಡಳು. ನಗು ನಿಂತಿತು. ಅತ್ತದ್ದನ್ನೂ ಯಾರೂ ನೋಡಲಿಲ್ಲ. ಡಬ್ಬಿಯ ಅನ್ನಕ್ಕೆ ಉಪ್ಪು ಬಿದ್ದಿರದಿದ್ದರೂ ಉಣ್ಣುತ್ತಿದ್ದ, ಎರಡು ಸಲ ಬಿದ್ದಿದ್ದರೂ ಉಣ್ಣುತ್ತಿದ್ದ. ಬಸ್ಸಿನಲ್ಲಿ ನೆರಳಿನ ಕಡೆ ಸೀಟು ಖಾಲಿ ಇದ್ದರೂ ಬಿಸಿಲಿನ ಕಡೆ ಕೂತಿರುತ್ತಿದ್ದ. ಕಾರ್ಖಾನೆ ಬಿಟ್ಟದ್ದಕ್ಕೂ ಕಾರಣ ಹೇಳಲಿಲ್ಲ; ಒಂದು ದಿನ ಬೆಳಿಗ್ಗೆ ಆ ಬಸ್ಸು ಹತ್ತಲಿಲ್ಲ, ಅಷ್ಟೆ.

ಮನೆಯಲ್ಲಿ ಕೂತು ಗೋಡೆ ನೋಡುವುದಕ್ಕಿಂತ ಅಮೀರ್‌ಪೇಟೆಯಲ್ಲಿ ಕೂತು ಬೋರ್ಡು ನೋಡಲಿ ಎಂದು ಗಿರಿಜೆಯ ತವರಿನವರು ಅವನನ್ನು ನೆಟ್‌ವರ್ಕ್ ಕೋರ್ಸಿಗೆ ಹಚ್ಚಿದರು. ಹೈದರಾಬಾದೆಂಬ ಹೈದರಾಬಾದೇ ಕಂಪ್ಯೂಟರಿನ ಹಿಂದೆ ಬಿದ್ದ ವರ್ಷಗಳವು. ಅಮೀರ್‌ಪೇಟೆಯಲ್ಲಿ ಕೋರ್ಸಿನ ಪೋಸ್ಟರುಗಳನ್ನು ಕಿತ್ತರೆ ಕಟ್ಟಡಗಳೇ ಕುಸಿಯುತ್ತವೆ, ಅವು ನಿಂತಿರುವುದೇ ಆ ಅಂಟಿನ ಮೇಲೆ ಎಂದು ನಾನು ಹೇಳಿದರೆ ಜನ ನಂಬುತ್ತಿದ್ದರು. ಶಿವಶರಣಪ್ಪ ಕಲಿತ. ತಲೆಯಲ್ಲಿ ಬೇರೇನೂ ಇರಲಿಲ್ಲವಾದ್ದರಿಂದ ಪಾಠಕ್ಕೆ ಜಾಗ ಧಾರಾಳವಾಗಿತ್ತು.

ಅವನಿಗೆ ಕೆಲಸ ಸಿಕ್ಕಿದ್ದು ಸುಲ್ತಾನ್ ಬಜಾರಿನಲ್ಲಿ, ಗೋಪಿನಾಥನ ಕಚೇರಿಯಲ್ಲಿ. ಗೋಪಿನಾಥನದು ರಾಯಚೂರು ಕಡೆಯ ಮನೆತನ. ಕೆಳಗೆ ಮೂರು ತಲೆಮಾರಿನ ಸೀರೆ ಅಂಗಡಿ. ಗದ್ದುಗೆಯ ಮೇಲೆ ತಾಯಿ ಗಂಗಾಬಾಯಿ. ಮೇಲೆ ಸೀರೆ ಗೋದಾಮಾಗಿದ್ದ ಅಟ್ಟದಲ್ಲಿ ಮಗನ ಕಂಪ್ಯೂಟರ್ ಕಚೇರಿ. ಅಮೆರಿಕದ ಡಾಕ್ಟರುಗಳು ರೋಗಿಗಳ ಬಗ್ಗೆ ಗೊಣಗಿದ್ದು ತಂತಿಯಲ್ಲಿ ಹರಿದು ಇಲ್ಲಿಗೆ ಬರುತ್ತಿತ್ತು. ನಮ್ಮ ಹೆಣ್ಣುಮಕ್ಕಳು ಕಿವಿಗೆ ಹೆಡ್‌ಫೋನ್ ಹಾಕಿಕೊಂಡು ಅದನ್ನು ಟೈಪು ಮಾಡಿ ತಿರುಗಿ ಕಳಿಸುತ್ತಿದ್ದರು. ನಾನು ಅಲ್ಲಿ ಹಾಜರಿ ನೋಡಿಕೊಳ್ಳುವ ಮುದುಕ. ಎಲ್ಲರಿಗೂ ಕಾಕಾ.

ಶ್ರಾವಣದಲ್ಲಿ ಅಮೆರಿಕದ ಆಸ್ಪತ್ರೆಯವರಿಂದ ಕರೆ ಬಂತು. ನಮ್ಮ ರೋಗಿಗಳ ಗುಟ್ಟು ನಿಮ್ಮಲ್ಲಿದೆ. ಹೊರಗಿನವರು ಒಳಗೆ ಬಾರದಂತೆ, ಒಳಗಿನದು ಹೊರಗೆ ಹೋಗದಂತೆ ಫೈರ್‌ವಾಲ್ ಹಾಕಿ. ದಸರೆಯ ದಿನ ಸಂಜೆ ನಮ್ಮ ಮನುಷ್ಯ ಫೋನಿನಲ್ಲೇ ಪರೀಕ್ಷೆ ಮಾಡುತ್ತಾನೆ. ಸರಿಯಿದ್ದರೆ ಕೆಲಸ ಮುಂದುವರಿಯುತ್ತದೆ, ಇಲ್ಲದಿದ್ದರೆ ನಮಸ್ಕಾರ.

ಶಿವಶರಣಪ್ಪ ಸೀರೆ ಪೆಟ್ಟಿಗೆಯೊಳಗಿನ ಬಿಳಿ ರಟ್ಟೊಂದನ್ನು ತೆಗೆದುಕೊಂಡು ನಕ್ಷೆ ಬರೆದ. ಹೊರಗಿನ ತಂತಿ ಮೊದಲು ರೌಟರಿಗೆ, ಅದು ದಾರಿ ತೋರಿಸುವ ಡಬ್ಬಿ. ಅದರ ಹಿಂದೆ ಫೈರ್‌ವಾಲ್, ಅದು ಕಾವಲಿನ ಡಬ್ಬಿ. ಅದರ ಹಿಂದೆ ನಮ್ಮ ಕಂಪ್ಯೂಟರುಗಳು. ಕೆಳಗಿನ ಅಂಗಡಿಯ ಬಿಲ್ ಮಾಡುವ ಕಂಪ್ಯೂಟರಿಗೆ ಇದರ ಸಂಬಂಧವೇ ಬೇಡವೆಂದು ಅದನ್ನು ನಕ್ಷೆಯ ಹೊರಗೇ ಬಿಟ್ಟ.

"ಎಲ್ಲಾ ಮುಚ್ಚಿಬಿಡೋ ಶರಣಪ್ಪಾ," ಎಂದ ಗೋಪಿನಾಥ.

"ಎಲ್ಲಾ ಮುಚ್ಚಿದ್ರ ಕೆಲಸನೂ ಹೊರಗ ಉಳೀತೈತ್ರಿ. ಮೊದಲ ಎಲ್ಲಾ ಮುಚ್ಚೂದು, ಆಮ್ಯಾಲೆ ಬೇಕಾದ್ದಷ್ಟ ತೆರಿಯೂದು. ಯಾರಿಗೆ ಏನ ಬೇಕು ಕೇಳ್ತೀನ್ರಿ."

ಜನಗಣತಿಯವನಂತೆ ಮೇಜಿನಿಂದ ಮೇಜಿಗೆ ಹೋಗಿ ಕೇಳಿದ. ಗೋಪಿನಾಥನಿಗೆ ಶೇರಿನ ದರ ಬೇಕಿತ್ತು. ನನಗೆ ಕ್ರಿಕೆಟ್ ಸ್ಕೋರು. ಕಿಟಕಿ ಪಕ್ಕದ ಸುಭದ್ರಾ ಹೆಡ್‌ಫೋನ್ ಕೆಳಗಿಳಿಸಿ, "ಅಣ್ಣಾರ, ಊಟದ ಹೊತ್ತಿನ್ಯಾಗ ಒಂದ ತಾಸು ಮೆಸೆಂಜರ್ ಬೇಕ್ರಿ" ಎಂದಳು.

ಅವಳ ಗಂಡ ಅರವಿಂದ ಮಸ್ಕತ್ತಿನಲ್ಲಿ ಗೋದಾಮು ನೋಡಿಕೊಳ್ಳುತ್ತಿದ್ದ. ಮದುವೆಯಾಗಿ ಅರಿಶಿನ ಆರುವ ಮೊದಲೇ ವಿಮಾನ ಹತ್ತಿದವನು. ನಮ್ಮಲ್ಲಿ ಊಟದ ಹೊತ್ತಾದಾಗ ಅಲ್ಲಿ ಅವನ ಮೇಲಿನವನು ಕಚೇರಿ ಬಿಟ್ಟು ಹೋಗುತ್ತಿದ್ದ. ಆ ಒಂದು ತಾಸು ಅಲ್ಲಿನ ಕಂಪ್ಯೂಟರ್ ಇವನ ಕೈಗೆ. ಇವರಿಬ್ಬರ ಸಂಸಾರವೆಲ್ಲ ಆ ಒಂದು ತಾಸಿನಲ್ಲೇ ನಡೆದಿತ್ತು. ಫೋನು ಮಾಡಿದರೆ 'ಹಲೋ' ಅನ್ನುವಷ್ಟರಲ್ಲಿ ಸಂಬಳ ಮುಗಿಯುತ್ತಿತ್ತು. ಬಜಾರಿನ ಇಂಟರ್ನೆಟ್ ಅಂಗಡಿಗೆ ಹೋಗೋಣವೆಂದರೆ ಅಲ್ಲಿಯ ಪರದೆ ಕಟ್ಟಿದ ಗೂಡುಗಳ ಸುದ್ದಿ ಕೇಳಿ ಅತ್ತೆ, ಹೊಸ್ತಿಲು ದಾಟಿದರೆ ಕಾಲು ಮುರಿಯುತ್ತೇನೆ ಎಂದಿದ್ದಳು.

"ಅಲ್ಲವ್ವಾ ಸುಭದ್ರಾ," ಗೋಪಿನಾಥ ನಕ್ಕ, "ಗುಬ್ಬಿ ತೂರುವಷ್ಟೂ ಸಂದಿ ಇರಬಾರದು ಅಂದಾರ ಅಮೆರಿಕಾದವ್ರು. ನಿನ್ನ ಗಂಡನ್ನ ಹ್ಯಾಂಗ ಬಿಡ್ಲಿ?"

"ನಮ್ಮವ್ರು ಭಾಳ ಸಪೂರ ಅದಾರ್ರಿ ಸರ್. ಹಿಡೀತಾರ."

ಎಲ್ಲರೂ ನಕ್ಕರು. ಗೋಪಿನಾಥನೂ ನಕ್ಕ, ನಕ್ಕು ಇಲ್ಲವೆಂದ. ನನ್ನ ಕ್ರಿಕೆಟ್ಟೂ ಹೋಯಿತು, ಅವನ ಶೇರೂ ಹೋಯಿತು. ಸುಭದ್ರಾ ಹೆಡ್‌ಫೋನಿನ ವೈರನ್ನು ಬೆರಳಿಗೆ ಸುತ್ತಿ ಸುತ್ತಿ ಬಿಚ್ಚುತ್ತಿದ್ದಳು. ಶಿವಶರಣಪ್ಪ ರಟ್ಟು ಮಡಚಿಕೊಂಡು ಹೋದ.

ಫೈರ್‌ವಾಲ್ ಬಂತು. ಮಾರಿದವನು ಬಂದು ಅದನ್ನು ಚಾಲೂ ಮಾಡಿ, ಎಲ್ಲ ಬಾಗಿಲೂ ತೆರೆದೇ ಇಟ್ಟು, ಚಹಾ ಕುಡಿದು ಹೋದ. ಮುಚ್ಚುವ ಕೆಲಸವೆಲ್ಲ ಇವನದು. ಒಂದೊಂದು ನಿಯಮವೂ ಒಂದೊಂದು ಸಾಲು. ರಟ್ಟು ನೋಡಿ ನೋಡಿ ಸಾಲುಗಳನ್ನು ಟೈಪು ಮಾಡಿದ. ಎಲ್ಲ ಬಿಗಿಯಾಯಿತು. ಸುಭದ್ರೆಯ ಪರದೆಯ ಮೇಲೆ ಗಂಡನ ಹೆಸರು ಬೂದಿ ಬಣ್ಣಕ್ಕೆ ತಿರುಗಿತು.

ಮರುದಿನ ಊಟದ ಹೊತ್ತಿಗೆ ಶಿವಶರಣಪ್ಪ ಅರ್ಧ ಉಂಡ ಡಬ್ಬಿ ಮುಚ್ಚಿ, ಸೀರೆ ಕಪಾಟಿನಲ್ಲಿ ಫೈರ್‌ವಾಲ್ ಇಟ್ಟಿದ್ದ ಮೂಲೆಗೆ ಹೋಗಿ ಒಂದು ಸಾಲು ಟೈಪು ಮಾಡಿದ. ಕಿಟಕಿ ಪಕ್ಕ ಸುಭದ್ರಾ ಸಣ್ಣಗೆ "ಅಯ್ಯ" ಎಂದಳು. ಊಟದ ಹೊತ್ತು ಮುಗಿಯುತ್ತಲೂ ಹೋಗಿ ಆ ಸಾಲು ಅಳಿಸಿದ. ಆಮೇಲೆ ಅದೇ ರೂಢಿಯಾಯಿತು. ಗೋಪಿನಾಥ ಆ ಹೊತ್ತಿಗೆ ಊಟಕ್ಕೆಂದು ಮನೆಗೆ ಹೋಗಿರುತ್ತಿದ್ದ.

"ಏನೋ ಶರಣಪ್ಪಾ, ದಾನಶೂರ ಆಗೀಯಲ್ಲ?" ಎಂದು ಕೆಣಕಿದೆ.

"ಆಕಿಗೆ ಇಲ್ಲ ಅನ್ನಾಕ ಮಾತಾಡಬೇಕಾಗತೈತ್ರಿ ಕಾಕಾ. ಬರಿಯೂದು ಸರಳ." ಮುಖದಲ್ಲಿ ಏನೂ ಇರಲಿಲ್ಲ. ಕರುಣೆಯಿದ್ದರೆ ನನಗಂತೂ ಕಾಣಲಿಲ್ಲ.

ಆ ಡಬ್ಬಿಯದೊಂದು ಗುಣವಿತ್ತು. ಟೈಪು ಮಾಡಿದ್ದೆಲ್ಲ ಅದಕ್ಕೆ ಕರೆಂಟಿರುವ ತನಕ ಮಾತ್ರ ನೆನಪು. ಕಾಯಂ ಆಗಬೇಕಾದರೆ 'ಉಳಿಸು' ಎಂದು ಇನ್ನೊಂದು ಆಜ್ಞೆ ಕೊಡಬೇಕು. ದಿನಾ ಕದ್ದು ಬರೆದು ಕದ್ದು ಅಳಿಸುವವನಿಗೆ 'ಉಳಿಸು' ಅನ್ನುವುದೇ ಅಪಾಯ. ಕೈ ತಪ್ಪಿ ಸುಭದ್ರೆಯ ಸಾಲೂ ಉಳಿದುಬಿಟ್ಟರೆ? ಹೀಗಾಗಿ ಆ ಆಜ್ಞೆಯ ತಂಟೆಗೇ ಅವನು ಹೋಗಲಿಲ್ಲ. ಪರೀಕ್ಷೆಯ ದಿನ ಒಮ್ಮೆಗೇ ಉಳಿಸಿದರಾಯಿತು ಎಂದುಕೊಂಡಿದ್ದನಂತೆ. ಹೇಗೂ ಕರೆಂಟು ಹೋದರೆ ಇರಲೆಂದು ಗೋಪಿನಾಥ ಬ್ಯಾಟರಿ ತರಿಸಿದ್ದ. ಅದನ್ನು ಮೇಲೆ ಹೊತ್ತು ತಂದ ಹಮಾಲರು ಇವತ್ತಿಗೂ ಬಗ್ಗಿಯೇ ನಡೆಯುತ್ತಾರೆ.

ದಸರೆಯ ಹಿಂದಿನ ದಿನ ಖಂಡೇಪೂಜೆ, ಅಂದರೆ ಆಯುಧಪೂಜೆ. ಗಂಗಾಬಾಯಿ ಕುಂಕುಮ ವಿಭೂತಿಯ ತಟ್ಟೆ ಹಿಡಿದು ಮೆಟ್ಟಿಲು ಹತ್ತಿದರು. ಕೆಳಗೆ ಬಟ್ಟೆ ಅಳೆಯುವ ಗಜಕಡ್ಡಿ, ಕತ್ತರಿ, ಫಾಲ್ ಹೊಲಿಯುವ ಮಿಷಿನ್ನು, ಎಲ್ಲವೂ ಹಣೆಗೆ ಹಚ್ಚಿಸಿಕೊಂಡು ಮಲಗಿಯಾಗಿತ್ತು.

"ಎಲ್ಲಾ ಬಂದ್ ಮಾಡ್ರಿ."

"ಯವ್ವಾ, ಕಂಪ್ಯೂಟರ್ ಬಂದ್ ಮಾಡ್ತೀವಿ. ಆ ಕಪಾಟಿನ್ಯಾಗಿನ ಡಬ್ಬಿ ಇರ್ಲಿ," ಎಂದ ಗೋಪಿನಾಥ.

"ಯಾಕ? ಅದೇನ ನಮ್ಮ ಮನಿ ಅಳಿಯನ? ಮಿಣಮಿಣ ಕಣ್ಣ ಹೊಡಿಯೋ ಮಿಷಿನ್ನಿಗೆ ನಾ ಕುಂಕುಮ ಹಚ್ಚಾಕಿ ಅಲ್ಲ. ವರ್ಷಕ್ಕೊಮ್ಮೆ ಅವಕ್ಕೂ ನಿದ್ದಿ ಬೇಕು. ಏ ಶರಣೂ, ಬಂದ್ ಮಾಡು."

ಶಿವಶರಣಪ್ಪ ಬಂದ್ ಮಾಡಿದ. ಉಸಿರಾಡು ಎಂದಿದ್ದರೆ ಉಸಿರಾಡುತ್ತಿದ್ದ, ಬೇಡ ಎಂದಿದ್ದರೆ ಬಿಡುತ್ತಿದ್ದ. ಆ ಕೈ ಹಾಗೆಯೇ ಹೋಗಿ ಸ್ವಿಚ್ಚು ಒತ್ತಿತು. ದೀಪಗಳು ಆರಿದವು. ಗಂಗಾಬಾಯಿ ಫೈರ್‌ವಾಲಿಗೆ ಮೂರು ಬೆರಳು ವಿಭೂತಿ ಎಳೆದು, ಕುಂಕುಮ ಇಟ್ಟು, ಚೆಂಡು ಹೂವಿನ ಮಾಲೆ ಹಾಕಿದರು. ರೌಟರಿಗೊಂದು ನಿಂಬೆಹಣ್ಣು. ನಾಳೆ ಬನ್ನಿ ಕೊಟ್ಟಾದ ಮೇಲೆಯೇ ಎಬ್ಬಿಸಬೇಕು, ಅಲ್ಲಿಯ ತನಕ ಮುಟ್ಟಿದವರ ಕೈಗೆ ಗಜಕಡ್ಡಿಯ ಏಟು ಎಂದು ಹೇಳಿ ಇಳಿದುಹೋದರು.

ಮರುದಿನ ದಸರೆ. ಅಮೆರಿಕದ ರೋಗಿಗಳಿಗೆ ದಸರೆ ಇಲ್ಲದ್ದರಿಂದ ನಮಗೂ ಪೂರ್ತಿ ರಜೆ ಇರಲಿಲ್ಲ. ಬೆಳಿಗ್ಗೆಯೇ ಬನ್ನಿ ಎಲೆ ಕೊಟ್ಟು ತಗೊಂಡು, ಬಂಗಾರದಂಗ ಇರೋಣ ಎಂದು ಕೈ ಮುಗಿದು, ಯಂತ್ರಗಳನ್ನು ಚಾಲೂ ಮಾಡಿದೆವು. ಎಲ್ಲ ದೀಪಗಳೂ ಬಂದವು. ಕೆಲಸ ಕುದುರೆಯಂತೆ ಓಡಿತು. ಗೋಪಿನಾಥನ ಶೇರಿನ ದರವೂ ಪರದೆಯ ಮೇಲೆ ಬಂದುಬಿಟ್ಟಿತು.

"ನೋಡ್ರಿ ಕಾಕಾ ನಮ್ಮವ್ವನ ಪೂಜಾ! ನೆಟ್ ಹ್ಯಾಂಗ ಹಾರಾಕತ್ತೈತಿ!"

ಊಟದ ಹೊತ್ತಾಯಿತು. ಹಬ್ಬದ ದಿನವೆಂದು ಗೋಪಿನಾಥ ಹೋಳಿಗೆ ಡಬ್ಬಿ ತಂದು ಅಲ್ಲೇ ಕೂತಿದ್ದ. ಶಿವಶರಣಪ್ಪ ಕಪಾಟಿನ ಕಡೆ ಹೋಗುವ ಮೊದಲೇ ಸುಭದ್ರಾ ಅವನ ಹತ್ತಿರ ಬಂದು ಮೆಲ್ಲಗೆ ಹೇಳಿದಳು: "ಇವತ್ತ ನೀವು ಬರಿಯೂಕಿಂತ ಮೊದಲ ಬಂದ ಕುಂತಾರಲ್ರಿ ಅಣ್ಣಾರ ನಮ್ಮವ್ರು."

ಅವನು ಹೋಳಿಗೆಯ ಕೈಯನ್ನು ಒರೆಸಿಕೊಳ್ಳದೆ ಕಪಾಟಿಗೆ ಹೋದ. ಪರದೆ ನೋಡಿದ. ತಿರುಗಿ ಬಂದು ಗೋಪಿನಾಥನಿಗೆ, ಅಡುಗೆಮನೆಯಲ್ಲಿ ಮೊಸರಿಲ್ಲ ಎಂದು ಹೇಳಿದಂತೆ ಹೇಳಿದ:

"ಗ್ವಾಡಿ ಐತ್ರಿ. ಬಾಗಲಾ ಎಲ್ಲಾ ತೆರದಾವ. ನಾ ಬರದಿದ್ದು ಒಂದೂ ಇಲ್ಲ. ಉಳಿಸಿರಲಿಲ್ಲ."

"ಯಾಕೋ ಉಳಿಸಿರಲಿಲ್ಲ?"

ಶಿವಶರಣಪ್ಪ ಹೋಳಿಗೆಯ ಕೈ ಒರೆಸಿಕೊಂಡ. ಗೋಪಿನಾಥನಿಗೆ ಬೆವರು ಬಂತು. ಆ ಬೆವರು ಮೆಟ್ಟಿಲಿಳಿದು ಮೂಸಿ ನದಿಗೆ ಸೇರಿ ಎರಡು ಸೇತುವೆಗೆ ಅಪಾಯ ತಂದಿತೆಂದು ನಾನು ಆಮೇಲೆ ಹೇಳುತ್ತಿದ್ದೆ, ಆಗ ಹೇಳಲಿಲ್ಲ. ಪರೀಕ್ಷೆ ಅವತ್ತೇ ಸಂಜೆ.

"ಆ ರಟ್ಟು! ನಕ್ಷೆ ಬರದಿದ್ದ ರಟ್ಟು ಎಲ್ಲೈತಿ?"

ರಟ್ಟು ಹಬ್ಬದ ಸ್ವಚ್ಛತೆಯಲ್ಲಿ ಕೆಳಗಿಳಿದಿತ್ತು. ಅಂಗಡಿಯಲ್ಲಿ ಹಬ್ಬದ ಗಿರಾಕಿ. ಬಿಳಿ ರಟ್ಟು ಕಂಡರೆ ಬಿಡುತ್ತಾರೆಯೇ? ಗಂಗಾಬಾಯಿಯೇ ಅದನ್ನು ಇಳಕಲ್ ಸೀರೆಯೊಂದರ ಮಡಿಕೆಯೊಳಗೆ ಇಟ್ಟು ನಾಂಪಲ್ಲಿಯ ಯಾರೋ ಬೀಗಿತ್ತಿಗೆ ಮಾರಿಬಿಟ್ಟಿದ್ದರು. ನಮ್ಮ ಕಚೇರಿಯ ರಕ್ಷಣಾ ವ್ಯವಸ್ಥೆ ಆ ಹೊತ್ತಿಗೆ ಯಾವುದೋ ಟ್ರಂಕಿನಲ್ಲಿ ನುಸಿಗುಳಿಗೆಯ ಜೊತೆ ಮಲಗಿತ್ತು.

"ಬರೀತೀನ್ರಿ," ಎಂದ ಶಿವಶರಣಪ್ಪ.

ಬರೆದ. ದಿನಾ ಹೋಗುವಾಗ ಬರುವಾಗ ಬಸ್ಸಿನಲ್ಲಿ ಬಿಸಿಲಿಗೆ ಕೂತು ಅವನು ಬಾಯಲ್ಲಿ ಗುಣುಗುಣು ಅನ್ನುತ್ತಿದ್ದದ್ದು ಆ ಸಾಲುಗಳನ್ನೇ ಎಂದು ಆಗ ತಿಳಿಯಿತು. ಬೇರೇನೂ ನೆನಪಿಗೆ ಬರದಿರಲೆಂದು ಅವನ್ನು ಹೇಳಿಕೊಳ್ಳುತ್ತಿದ್ದನೋ ಏನೋ. ನಾವು ಹಿಂದೆ ನಿಂತಿದ್ದೆವು. ಬೆರಳು ನಿಲ್ಲಲಿಲ್ಲ, ಮುಖ ಅಲುಗಲಿಲ್ಲ. ಎಲ್ಲ ಬರೆದು, ಈ ಸಲ 'ಉಳಿಸು' ಎಂದ.

ಸಂಜೆ ಅಮೆರಿಕದವನ ಫೋನು. ನಾವೆಲ್ಲ ಕೇಳುವಂತೆ ಗೋಪಿನಾಥ ಫೋನಿನ ಸ್ಪೀಕರ್ ಹಾಕಿದ್ದ. ಅವನು ಅಲ್ಲಿಂದ ಬಾಗಿಲು ತಟ್ಟಿ ನೋಡಿದ, ಒಂದೂ ತೆರೆಯಲಿಲ್ಲ. ಸಂತೋಷಪಟ್ಟ. ಇನ್ನು ನಿಯಮಗಳನ್ನು ಒಂದೊಂದಾಗಿ ಓದಿ ಹೇಳಿ ಎಂದ. ಶಿವಶರಣಪ್ಪ ಪರದೆ ನೋಡಿ ಓದತೊಡಗಿದ, ರೈಲ್ವೆ ಸ್ಟೇಷನ್ನಿನ ಸೂಚನೆಯಂತೆ, ಏರಿಲ್ಲ ಇಳಿವಿಲ್ಲ. ಓದುತ್ತ ಓದುತ್ತ ಸುಭದ್ರೆಯ ಸಾಲನ್ನೂ ಓದಿಬಿಟ್ಟ.

ದಿನಾ ಮಧ್ಯಾಹ್ನ ಬರೆದ ಬೆರಳುಗಳು ಅವತ್ತೂ ಅದನ್ನು ಬರೆದಿದ್ದವು. ಓದುವಾಗಲಾದರೂ ಬಿಟ್ಟುಬಿಡಬಹುದಿತ್ತು. ಅಷ್ಟು ಹುಷಾರು ಎಲ್ಲಿಂದ ಬರಬೇಕು?

ಅದೇನು ಆ ಕೊನೆಯದು, ಎಂದಿತು ಫೋನು.

ಗೋಪಿನಾಥ ಪರದೆಗೆ ಮೂಗು ತಾಗುವಷ್ಟು ಬಗ್ಗಿದ. ಅದು ಯಾರ ಕಂಪ್ಯೂಟರಿನ ನಂಬರೆಂದು ಅವನಿಗೆ ಗೊತ್ತು. ಸುಭದ್ರಾ ಗೋಡೆಗೆ ಒತ್ತಿ ನಿಂತಿದ್ದಳು. ಶಿವಶರಣಪ್ಪ ಫೋನಿಗೆ, ಅದು ನನ್ನ ತಪ್ಪು, ನಾನು ಹಾಕಿದ್ದು ಎಂದ. ತೆಗೆಯಿರಿ, ಉಳಿಸಿ, ಮತ್ತೆ ಓದಿ ಎಂದಿತು ಫೋನು. ತೆಗೆದ. ಉಳಿಸಿದ. ಮೊದಲಿನಿಂದ ಓದಿದ. ಪಾಸು.

ಫೋನಿಟ್ಟ ಮೇಲೆ ಗೋಪಿನಾಥ ಮೊದಲು ಬೆವರು ಒರೆಸಿಕೊಂಡ. ಆಮೇಲೆ, "ತಂಗಿ, ನಿನ್ನ ಮ್ಯಾಲೆ ಸಿಟ್ಟಿಲ್ಲ. ಆದ್ರ ನಾಳಿಂದ ಅದು ಇಲ್ಲ" ಎಂದ. ಶಿವಶರಣಪ್ಪನ ಕಡೆ ತಿರುಗಿ, "ನಿನಗ ಏನ ಅನ್ಲೋ? ಅಂದ್ರ ನಿನಗ ಹತ್ತತೈತೇನು?" ಎಂದು ಕೈ ಚೆಲ್ಲಿದ.

ಮೆಟ್ಟಿಲಿಳಿಯುವಾಗ ಸುಭದ್ರಾ ಹೇಳಿದಳು: "ಅವರಿಗೆ ಹೇಳಾಕೂ ಆಗ್ಲಿಲ್ಲಲ್ರಿ ಅಣ್ಣಾರ. ನಾಳೆ ಬಂದು ಕುಂದ್ರತಾರ. ನಾಡ್ದೂ ಕುಂದ್ರತಾರ. ನನಗೇನರ ಆಗೈತಿ ಅಂತ ತಿಳ್ಕೊಂತಾರ."

"ಹೂಂ," ಎಂದ ಶಿವಶರಣಪ್ಪ, ಮತ್ತು ಬಸ್ಸಿಗೆ ಹೋದ.

ಮರುದಿನ ಊಟದ ಹೊತ್ತಿಗೆ ಸುಭದ್ರಾ ಏನೂ ಕೇಳಿಸದ ಹೆಡ್‌ಫೋನನ್ನು ಕಿವಿಗೆ ಹಾಕಿಕೊಂಡು ಬೂದಿ ಬಣ್ಣದ ಹೆಸರನ್ನು ನೋಡುತ್ತ ಕೂತಿದ್ದಳು. ಶಿವಶರಣಪ್ಪ ಡಬ್ಬಿ ತೆರೆಯಲಿಲ್ಲ. ಕಪಾಟಿಗೂ ಹೋಗಲಿಲ್ಲ. ಎದ್ದು ಕೆಳಗಿಳಿದ. ನನಗೆ ಕೆಳಗೆ ಏನೂ ಕೆಲಸವಿರಲಿಲ್ಲವಾದ್ದರಿಂದ ನಾನೂ ಹಿಂದೆಯೇ ಇಳಿದೆ.

ಗಂಗಾಬಾಯಿ ಗದ್ದುಗೆಯ ಮೇಲೆ ಎಲೆ ಅಡಿಕೆ ಹಾಕಿಕೊಳ್ಳುತ್ತಿದ್ದರು.

"ಅವ್ವಾರ, ನಿಮ್ಮ ಬಿಲ್ಲಿನ ಕಂಪ್ಯೂಟರ್ ಮತ್ತ ಫೋನು ಒಂದ ತಾಸು ಬೇಕ್ರಿ. ಸುಭದ್ರಾಬಾಯಾರಿಗೆ. ದಿನಾ."

"ನಿಮ್ಮ ಮ್ಯಾಲಿಂದಕ್ಕ ಏನ ಬ್ಯಾನಿ?"

"ಅಲ್ಲಿ ರೋಗಿಗಳ ಕಾಗದ ಇರತಾವ್ರಿ, ಮುಚ್ಚಬೇಕು. ಇದು ಗ್ವಾಡಿ ಹೊರಗ ಐತ್ರಿ. ಇಲ್ಲಿ ಬರೇ ಸೀರಿ."

"ಬರೇ ಸೀರಿ ಅಂತ! ಒಂದ ತಾಸು ಫೋನು ಹಿಡಕೊಂಡ್ರ ನನ್ನ ಗಿರಾಕಿ ಎಲ್ಲಿಗೆ ಹೋಗಬೇಕೋ? ನಡಿ, ಆಗೂದಿಲ್ಲ."

ಶಿವಶರಣಪ್ಪ ನಡೆಯಲಿಲ್ಲ. ಇಲ್ಲ ಎಂದ ಮೇಲೂ ಅವನು ನಿಂತದ್ದನ್ನು ನಾನು ನೋಡಿದ್ದು ಅದೇ ಮೊದಲು. ಗಿರಾಕಿಗಳು ಅವನನ್ನು ಸುತ್ತು ಬಳಸಿ ಹೋದರು.

"ನಡಿ ಅಂದೆ."

"ಅವರು ಕೂಡಿ ಇದ್ದದ್ದ ಭಾಳ ದಿನ ಇಲ್ರಿ ಅವ್ವಾರ."

"ಅದಕ್ಕ ನಿನಗೇನ ಆತೋ?"

ಅವನು ಉತ್ತರ ಹುಡುಕಿದ. ಎಲ್ಲೋ ದೂರದ ಗೋದಾಮಿನಿಂದ ತರುವವನಂತೆ ತಡಮಾಡಿದ. "ಆಕಿಗೆ ಮಾತಾಡಾಕ ಗಂಡ ಅದಾನ್ರಿ. ಕುಂತಾನ ಅಲ್ಲಿ," ಎಂದ. ದನಿ ಮಾತ್ರ ಎಂದಿನದೇ.

ಗಂಗಾಬಾಯಿ ಎಲೆ ಮಡಚುವುದನ್ನು ನಿಲ್ಲಿಸಿ ಅವನ ಮುಖ ನೋಡಿದರು. ಅಲ್ಲಿ ಏನು ಕಂಡಿತೋ. ಫೋನನ್ನು ಅವನ ಕಡೆ ತಳ್ಳಿ, "ತಗೋ. ಆದ್ರ ನನ್ನ ಪೂಜಾದಿಂದ ಕೆಟ್ಟಿತು ಅಂತ ಯಾರರ ಅಂದ್ರ ಹಲ್ಲ ಉದರಸ್ತೀನಿ, ಹೇಳಿಡು ಮ್ಯಾಲ" ಎಂದರು.

ಸುಭದ್ರಾ ಇಳಿದು ಬಂದಳು. ಕಂಪ್ಯೂಟರಿಗೆ ಫೋನಿನ ತಂತಿ ಸಿಕ್ಕಿಸಿದ್ದಾಯಿತು. ಫೋನಿನ ತಂತಿಯಲ್ಲೇ ಇಂಟರ್ನೆಟ್ ಹಿಡಿಯುವ ಮೋಡೆಮ್ಮು ಬೆಕ್ಕಿನ ಬಾಲ ತುಳಿದಂತೆ ಕಿರುಚಿಕೊಂಡು ಸಂಪರ್ಕ ಹಿಡಿಯಿತು, ಕಡಿಯಿತು. ಮತ್ತೆ ಹಿಡಿಯಿತು, ಕಡಿಯಿತು. ಗೋಡೆಯ ಮೇಲೆ ತಂತಿ ಸಿಕ್ಕಿಸುವ ಗೂಡು ಸಡಿಲವಾಗಿತ್ತು. ಶಿವಶರಣಪ್ಪ ಕೈ ಮೇಲೆತ್ತಿ ತಂತಿಯನ್ನು ಬೆರಳಿನಿಂದ ಗೋಡೆಗೆ ಒತ್ತಿ ಹಿಡಿದ. ನಿಂತಿತು. ಬಿಟ್ಟರೆ ಸಂಪರ್ಕ ಹೋಗುತ್ತಿತ್ತು.

ಪರದೆಯ ಮೇಲೆ ಅರವಿಂದನ ಹೆಸರು ಬಣ್ಣ ಪಡೆಯಿತು. ಸುಭದ್ರಾ ಸೆರಗಿನಿಂದ ಮೂಗು ಒರೆಸಿಕೊಂಡು ಟೈಪು ಮಾಡತೊಡಗಿದಳು. ಪಕ್ಕದಲ್ಲಿ ಹೆಂಗಸರು ಸೀರೆಯ ಅಂಚು ಎಳೆದೆಳೆದು ನೋಡುತ್ತಿದ್ದರು. ಕೈ ಎತ್ತಿ ಕಂಬದಂತೆ ನಿಂತ ಶಿವಶರಣಪ್ಪನನ್ನು ಅಂಗಡಿಯ ಗೊಂಬೆಯೆಂದು ತಿಳಿದು ಒಬ್ಬಾಕೆ ಅವನ ಹೆಗಲ ಮೇಲೆ ಗಿಣಿ ಹಸಿರಿನ ಸೀರೆ ಹೊದಿಸಿ, ಎರಡು ಹೆಜ್ಜೆ ಹಿಂದೆ ಸರಿದು, ಬಣ್ಣ ಹೊಂದುವುದಿಲ್ಲವೆಂದು ತೆಗೆದುಕೊಂಡು ಹೋದಳು. ಇದರಲ್ಲಿ ನನ್ನ ಉಪ್ಪು ಖಾರ ಸ್ವಲ್ಪವೇ.

ತಾಸು ಮುಗಿಯುತ್ತ ಬಂದಾಗ ಸುಭದ್ರಾ ತಿರುಗಿ ಅವನ ಕೈ ನೋಡಿದಳು.

"ಅಣ್ಣಾರ, ಕೈ ನೋಯಾಕತ್ತೈತೇನ್ರಿ?"

ಅವನು ಮೇಲೆತ್ತಿದ ತನ್ನ ತೋಳನ್ನು ಬೇರೆ ಯಾರದ್ದೋ ಎಂಬಂತೆ ನೋಡಿದ. ಸ್ವಲ್ಪ ಹೊತ್ತು ನೋಡುತ್ತಲೇ ಇದ್ದ.

"ಹೂಂ. ನೋಯಾಕತ್ತೈತಿ," ಎಂದ. "ನೀವು ಬರೀರಿ."